ಶ್ರುತಿಯ ಸೇವಕ ಅಬ್ದುಲ್ ಕರೀಂಖಾನ್

ಸಂಗೀತವೆಂದೊಡನೆ ನಮ್ಮ ಮನಸ್ಸು ಕಂಠದ ಕಡೆಗೆ ಹರಿಯುತ್ತದೆ. ಗಾಯಕನ ಧ್ವನಿ ಎಷ್ಟು ಮಧುರ, ತಾನಗಳು ಎಷ್ಟು ಚುರುಕು, ಎಷ್ಟು ರಾಗ ಬಲ್ಲವನು ಎಂದು ವಿಚಾರಿಸುತ್ತೇವೆ. ಆತನ ಬೆನ್ನ ಹಿಂದೆ ಮೂರು ತಾಸು ಎಡೆಬಿಡದೆ ನುಡಿಯುವ ತಂಬೂರಿಯನ್ನಾಗಲಿ, ಅದರ ತಲೆಯಲ್ಲಿ ಚುಚ್ಚಿಕೊಂಡಿರುವ ನಾಲ್ಕು ಕಟ್ಟಿಗೆಯ ಬಿರಡೆಗಳನ್ನಾಗಲಿ ಯಾರೂ ವಿಚಾರಿಸುವುದಿಲ್ಲ. ಮನೆ ನೋಡಲು ಬಂದವರು ಗೋಡೆಯ ಬಣ್ಣವನ್ನು ಹೊಗಳಿ ಹೋಗುವರೇ ಹೊರತು ಬುನಾದಿಯ ಕಲ್ಲನ್ನು ನೆನೆಯುವುದಿಲ್ಲ. ಆದರೆ ಬುನಾದಿ ಒಂದಂಗುಲ ಕುಸಿದರೆ ಆ ಬಣ್ಣವೇನು ಮಾಡೀತು?

ಈ ಮಾತು ನನಗೆ ಹೊಳೆದದ್ದು ಪುಸ್ತಕದಿಂದಲ್ಲ. ನಮ್ಮ ಕಾಲೇಜಿನ ಸ್ನೇಹಸಮ್ಮೇಳನದ ಸಂಜೆ ಔರಾದ ಕಡೆಯ ನಮ್ಮ ಗೆಳೆಯನೊಬ್ಬ ಸ್ಟೀಲ್ ಗಿಟಾರ್ ನುಡಿಸಲು ಕುಳಿತಿದ್ದ. ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡ ವಾದ್ಯ. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಒಂದು ತಂತಿಯ ಕೀಲಿ ಜಾರಿತು. ಅವನು ತಿರುವಿದ, ಮತ್ತೆ ಜಾರಿತು. ಸಭೆಯಲ್ಲಿ ನಗೆ ಎದ್ದಿತು. ಅವನು ತಲೆ ತಗ್ಗಿಸಿ ಎದ್ದು ಒಳಗೆ ಬಂದ, ಇನ್ನು ಈ ವಾದ್ಯವನ್ನು ಮುಟ್ಟುವುದಿಲ್ಲವೆಂದು ಗಿಟಾರನ್ನು ಮೂಲೆಗಿಟ್ಟ. ಅಂದು ಭಜನೆಗೆಂದು ಭಾಲ್ಕಿ ಕಡೆಯ ಹಳ್ಳಿಯಿಂದ ಬಂದಿದ್ದ ಮುದುಕರೊಬ್ಬರು ಪಕ್ಕದಲ್ಲಿ ಕುಳಿತು ತಮ್ಮ ತಂಬೂರಿಯ ಬಿರಡೆಗೆ ಸೀಮೆಸುಣ್ಣ ತಿಕ್ಕುತ್ತಿದ್ದರು. ಅವರು ಗಿಟಾರನ್ನು ಮಡಿಲಿಗೆಳೆದುಕೊಂಡು ತಿರುವಿ ನೋಡಿದರು. ಹಿಂದೆಂದೂ ಆ ವಾದ್ಯವನ್ನು ಕಂಡವರಲ್ಲ. ಆದರೂ ಹಲ್ಲುಚಕ್ರವನ್ನು ಹಿಡಿದಿರುವ ಚಿಕ್ಕ ತಿರುಪು ಸಡಿಲಾಗಿದೆಯೆಂದು ಅವರ ಬೆರಳಿಗೆ ತಿಳಿಯಿತು. ಚಾಕುವಿನ ತುದಿಯಿಂದ ಅದನ್ನು ಬಿಗಿದು, ಇನ್ನೊಂದು ಕೀಲಿಯ ಹಲ್ಲು ಸವೆದಿದೆ, ಅದನ್ನು ಬದಲಿಸಲೇಬೇಕೆಂದು ಹೇಳಿ, ಮತ್ತೆ ತಮ್ಮ ತಂಬೂರಿಯ ಕಡೆಗೆ ತಿರುಗಿದರು.

ಇದನ್ನು ನೋಡುತ್ತಿದ್ದ ನಮ್ಮ ಪ್ರಾಧ್ಯಾಪಕರೊಬ್ಬರು, ಕಿರಾಣಾ ಘರಾಣೆಯ ಮಹಾಗಾಯಕ ಅಬ್ದುಲ್ ಕರೀಂಖಾನರು ಕೂಡ ವಾದ್ಯ ರಿಪೇರಿಯ ಹತಾರಗಳನ್ನು ಜೊತೆಯಲ್ಲಿಟ್ಟುಕೊಂಡು ಊರೂರು ತಿರುಗುತ್ತಿದ್ದರೆಂದು ನಮಗೆ ತಿಳಿಸಿದರು. ಗಾಯಕ ಚಕ್ರವರ್ತಿಯೊಬ್ಬನ ಕೈಯಲ್ಲಿ ಅರ, ಉಳಿ! ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆ ಮಹನೀಯರ ಜೀವನವನ್ನು ತಿಳಿಯಲು ನಾನು ಪಟ್ಟ ಅಲ್ಪ ಪ್ರಯತ್ನದ ಫಲವೇ ಈ ಲೇಖನ.

ಅಬ್ದುಲ್ ಕರೀಂಖಾನರು ಹುಟ್ಟಿದ್ದು 1872ನೆಯ ಇಸವಿ ನವೆಂಬರ 11ರಂದು, ಉತ್ತರ ಹಿಂದುಸ್ಥಾನದ ಕೈರಾನಾ ಎಂಬ ಊರಿನಲ್ಲಿ. ಯಮುನಾ ನದಿಗೆ ಸಮೀಪದ ಈ ಊರಿನ ಹೆಸರೇ ಜನರ ಬಾಯಲ್ಲಿ ಕಿರಾಣಾ ಎಂದಾಗಿ, ಮುಂದೆ ಒಂದು ಗಾಯನ ಪರಂಪರೆಯ ಹೆಸರಾಯಿತು. ಮನೆತನವೇ ಸಂಗೀತಗಾರರದು. ತಂದೆ ಕಾಲೇಖಾನ್, ಚಿಕ್ಕಪ್ಪ ಅಬ್ದುಲ್ಲಾಖಾನ್ ಇವರೇ ಮೊದಲ ಗುರುಗಳು. ಬಾಲಕನು ಕಂಠ ಸಾಧನೆಯ ಜೊತೆಗೆ ಸಾರಂಗಿಯನ್ನೂ ಬೀನನ್ನೂ ಕಲಿತನು. ಸಾರಂಗಿಗೆ ಮೆಟ್ಟಿಲುಗಳಿಲ್ಲ, ಉಗುರಿನ ಬದಿಯಿಂದ ತಂತಿಯನ್ನು ಒತ್ತಿ ಸ್ವರದ ಜಾಗವನ್ನು ಕಿವಿಯಿಂದಲೇ ಹುಡುಕಬೇಕು. ಬೀನಿನಲ್ಲಿ ಮೆಟ್ಟಿಲಿದ್ದರೂ ತಂತಿಯನ್ನು ಎಳೆದು ಸ್ವರದಿಂದ ಸ್ವರಕ್ಕೆ ಜಾರಬೇಕು. ಸ್ವರವೆಂಬುದು ಒಂದು ಚುಕ್ಕೆಯಲ್ಲ, ಹುಡುಕಿ ತಲುಪಬೇಕಾದ ನೆಲೆ ಎಂಬ ಅರಿವು ಅವರಿಗೆ ಬಾಲ್ಯದಲ್ಲಿಯೇ ಬೆರಳ ಮೂಲಕ ಬಂದಿತೆಂದು ಹೇಳಬಹುದು. ಮುಂದಿನ ಅವರ ಬಾಳೆಲ್ಲ ಈ ಒಂದು ಅರಿವಿನ ವಿಸ್ತಾರವೇ ಆಗಿದೆ.

ತಾರುಣ್ಯದಲ್ಲಿ ಅವರು ಸೋದರ ಅಬ್ದುಲ್ ಹಕ್ಕರೊಡನೆ ಊರು ಬಿಟ್ಟು ಸಂಸ್ಥಾನಗಳನ್ನು ಸುತ್ತುತ್ತ ಬಡೋದೆಗೆ ಬಂದರು. ಅಲ್ಲಿ ದರ್ಬಾರಿನ ಆಶ್ರಯ ದೊರೆಯಿತು. ಅಲ್ಲಿಯೇ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿಗೆ ಸಂಗೀತ ಕಲಿಸುತ್ತ, ಗುರು ಶಿಷ್ಯೆಯರಲ್ಲಿ ಅನುರಾಗ ಬೆಳೆಯಿತು. ಜಾತಿ, ಧರ್ಮ, ಅಂತಸ್ತು ಮೂರೂ ಅಡ್ಡವಾಗಿದ್ದ ಆ ಕಾಲದಲ್ಲಿ ಇಬ್ಬರೂ ಬಡೋದೆಯನ್ನು ತೊರೆದು ಮುಂಬಯಿಗೆ ಹೋಗಬೇಕಾಯಿತು. ದರ್ಬಾರಿನ ಅನ್ನ ಹೋಯಿತು. ಇನ್ನು ಮುಂದೆ ಅವರು ಯಾವ ಒಬ್ಬ ಅರಸನ ಗವಾಯಿಯೂ ಅಲ್ಲ, ಜನರ ಗವಾಯಿ.

ಮುಂಬಯಿಯಿಂದ ಹೊರಟ ದಾರಿ ಅವರನ್ನು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮಿರಜಿಗೆ ತಂದಿತು. ಅದು ದಕ್ಷಿಣವನ್ನೆಲ್ಲ ಪ್ಲೇಗು ಪೀಡಿಸುತ್ತಿದ್ದ ಸಮಯ. ಖಾನ್ ಸಾಹೇಬರಿಗೂ ಆ ಬೇನೆ ತಗುಲಿ, ಊರಿನ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಸೇವೆ ಮಾಡಿ ಗುಣ ಹೊಂದಿದರೆಂದು ಪರಂಪರೆ ಹೇಳುತ್ತದೆ. ಆ ಕೃತಜ್ಞತೆಯಿಂದ ಅವರು ಮಿರಜನ್ನೇ ತಮ್ಮ ಊರಾಗಿ ಮಾಡಿಕೊಂಡರು. ಕೃತಜ್ಞತೆಯ ಜೊತೆಗೆ ಇನ್ನೊಂದು ಸೆಳೆತವೂ ಆ ಊರಿನಲ್ಲಿತ್ತೆಂದು ನನಗೆ ತೋರುತ್ತದೆ. ಮಿರಜು ವಾದ್ಯಗಳ ಊರು. ಹಿಂದೆ ಕತ್ತಿ ಗುರಾಣಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು, ಯುದ್ಧಗಳ ಕಾಲ ಮುಗಿದ ಮೇಲೆ 19ನೆಯ ಶತಮಾನದಲ್ಲಿ ಸಿತಾರು ತಂಬೂರಿಗಳ ಕೆಲಸಕ್ಕೆ ಕೈಯಿಟ್ಟವು. ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆದ ದೊಡ್ಡ ಸೋರೆಬುರುಡೆಗಳು ಅಲ್ಲಿಗೆ ಬಂದು ತಂಬೂರಿಗಳಾಗುತ್ತವೆ. ಮಿರಜಿನ ಸಿತಾರು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಅದಕ್ಕೆ ಎಷ್ಟೋ ವರ್ಷ ಮೊದಲೇ ನಮ್ಮ ಬಿದರಿ ಕೆಲಸಕ್ಕೆ ಆ ಮಾನ್ಯತೆ ದೊರೆತಿತ್ತೆಂಬುದನ್ನು ಬೀದರಿನವರಾದ ನಾವು ಹೆಮ್ಮೆಯಿಂದ ನೆನೆಯಬಹುದು.

ಖಾನ್ ಸಾಹೇಬರಿಗೆ ವಾದ್ಯದ ಒಳಹೊರಗೆಲ್ಲ ಕರಗತವಾಗಿತ್ತು. ಕೆಟ್ಟ ತಂಬೂರಿಯನ್ನು ತಾವೇ ಬಿಚ್ಚುವರು, ತಾವೇ ಕೂಡಿಸುವರು, ಕುದುರೆಯನ್ನು ಅರದಿಂದ ತಿಕ್ಕಿ ಜೀವಾಳಿಯನ್ನು ತಾವೇ ತೆಗೆಯುವರು. ಈ ಕೆಲಸದ ಮಹತ್ವ ತಿಳಿಯಬೇಕಾದರೆ ತಂಬೂರಿಯ ರಚನೆಯನ್ನು ಕೊಂಚ ನೋಡಬೇಕು.

ತಂಬೂರಿಯ ಬಿರಡೆಯಲ್ಲಿ ಹಲ್ಲುಚಕ್ರವಿಲ್ಲ, ತಿರುಪಿಲ್ಲ. ಒಂದು ತುದಿ ದಪ್ಪ, ಇನ್ನೊಂದು ತುದಿ ಸಪೂರವಾಗಿ ಕಡೆದ ಕಟ್ಟಿಗೆಯ ಗೂಟವನ್ನು ಅದೇ ಇಳಿಜಾರಿನ ರಂಧ್ರಕ್ಕೆ ಒತ್ತಿ ಕೂಡಿಸಿರುತ್ತಾರೆ. ಕಟ್ಟಿಗೆಗೆ ಕಟ್ಟಿಗೆ ಕಚ್ಚಿಕೊಂಡ ಘರ್ಷಣೆಯೊಂದೇ ತಂತಿಯ ಬಿಗಿತವನ್ನು ತಡೆದು ನಿಲ್ಲಿಸುತ್ತದೆ. ನಮ್ಮ ಬೀದರಿನಂಥ ಕಡೆ ಬೇಸಿಗೆಯ ಒಣ ಹವೆಗೆ ಕಟ್ಟಿಗೆ ಸೊರಗಿ ಬಿರಡೆ ಜಾರುತ್ತದೆ. ಮಳೆಗಾಲದಲ್ಲಿ ಉಬ್ಬಿ, ತಿರುವಿದರೂ ತಿರುಗದೆ ಹಟ ಹಿಡಿಯುತ್ತದೆ. ಜಾರುವ ಬಿರಡೆಗೆ ಸೀಮೆಸುಣ್ಣದ ಪುಡಿ ತಿಕ್ಕಬೇಕು; ಹಟದ ಬಿರಡೆಯನ್ನು ಹೊರತೆಗೆದು ಒರೆಸಿ ನಯ ಮಾಡಬೇಕು. ವರ್ಷಗಟ್ಟಲೆ ತಿರುವಿ ರಂಧ್ರವೇ ಕೋಳಿಮೊಟ್ಟೆಯ ಆಕಾರಕ್ಕೆ ಸವೆದಿದ್ದರೆ ಸುಣ್ಣದಿಂದ ಆಗುವ ಕೆಲಸವಲ್ಲ. ರಂಧ್ರವನ್ನು ಮತ್ತೆ ದುಂಡಗೆ ಕೊರೆದು, ಅದಕ್ಕೆ ತಕ್ಕ ದಪ್ಪ ಬಿರಡೆಯನ್ನು ಹೊಸದಾಗಿ ಕಡೆದು ಕೂಡಿಸಬೇಕು. ಗಿಟಾರಿನ ಕೀಲಿಯ ನ್ಯಾಯವೂ ಇದೇ. ಅಲ್ಲಿ ಸುರುಳಿ ತಿರುಪೊಂದು ಹಲ್ಲುಚಕ್ರವನ್ನು ನಿಧಾನವಾಗಿ ತಿರುಗಿಸುತ್ತದೆ. ಬೆರಳು ಹಲವು ಸುತ್ತು ತಿರುವಿದರೆ ತಂತಿಯ ಕಂಬ ಒಂದೇ ಸುತ್ತು ತಿರುಗುತ್ತದೆ. ತಿರುಪು ಸಡಿಲಾದರೆ ಬಿಗಿಯಬಹುದು, ಒಣಗಿದ್ದರೆ ಎಣ್ಣೆಯ ಹನಿ ಬಿಡಬಹುದು, ಹಲ್ಲೇ ಸವೆದರೆ ಬದಲಿಸದೆ ಗತಿಯಿಲ್ಲ.

ಬಿರಡೆಯಿಂದ ಒರಟಾಗಿ ಶ್ರುತಿ ಸೇರಿಸಿದ ಮೇಲೆ ಕುದುರೆಯ ಕೆಳಗಿನ ಮಣಿಗಳನ್ನು ಸರಿಸಿ ಸೂಕ್ಷ್ಮವಾಗಿ ಕೂಡಿಸಬೇಕು. ಎರಡು ಷಡ್ಜದ ತಂತಿಗಳಲ್ಲಿ ಒಂದು ಸೆಕೆಂಡಿಗೆ 140 ಸಲ, ಮತ್ತೊಂದು 141 ಸಲ ಕಂಪಿಸಿದರೆ ಸೆಕೆಂಡಿಗೊಮ್ಮೆ ನಾದವು ಅಲೆಯಂತೆ ಏಳುತ್ತ ಬೀಳುತ್ತ ಕೇಳಿಸುತ್ತದೆ. ಆ ಅಲೆ ಪೂರ್ತಿಯಾಗಿ ನಿಂತಾಗಲೇ ಎರಡು ತಂತಿ ಒಂದಾದವೆಂದು ತಿಳಿಯಬೇಕು. ಕೊನೆಗೆ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆಯನ್ನು ಸರಿಯಾದ ಜಾಗಕ್ಕೆ ಸರಿಸಿದಾಗ ತಂಬೂರಿ ಜೇನುಗೂಡಿನಂತೆ ಝೇಂಕರಿಸುತ್ತದೆ. ಈ ನೂಲಿನ ಮರ್ಮವನ್ನು ಸರ್ ಸಿ. ವಿ. ರಾಮನ್ನರು 1921ರಲ್ಲಿ ಪ್ರಕಟವಾದ ಲೇಖನದಲ್ಲಿ ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿದರು. ಕುದುರೆಯ ಬಾಗಿದ ಮೈಯನ್ನು ತಂತಿ ಸವರುತ್ತ ಕಂಪಿಸುವುದರಿಂದ, ಮೀಟಿದ ಜಾಗದ ನಿಯಮದಂತೆ ಇಲ್ಲವಾಗಬೇಕಾದ ಉಪಸ್ವರಗಳೂ ತಂಬೂರಿಯಲ್ಲಿ ಬಲವಾಗಿ ಕೇಳಿಸುತ್ತವೆಂದು ಅವರು ತೋರಿಸಿದರು. ಹೆಸರಿಲ್ಲದ ಕುಶಲಕರ್ಮಿಗಳು ಕೈಯಿಂದ ಕಂಡುಕೊಂಡಿದ್ದ ಸತ್ಯಕ್ಕೆ ಭೌತಶಾಸ್ತ್ರ ಬಹುಕಾಲದ ನಂತರ ಸಾಕ್ಷಿ ನುಡಿಯಿತು.

ಹೀಗೆ ಕೂಡಿದ ತಂಬೂರಿಯ ಖರ್ಜದ ತಂತಿಯನ್ನು ಮೀಟಿದರೆ ಅದರೊಳಗಿಂದ ಗಾಂಧಾರ ತಾನಾಗಿಯೇ ಹೊಮ್ಮುತ್ತದೆ. ಗಾಯಕರು ಅದನ್ನು ಸ್ವಯಂಭೂ ಗಾಂಧಾರವೆನ್ನುತ್ತಾರೆ. ಷಡ್ಜಕ್ಕೂ ಆ ಗಾಂಧಾರಕ್ಕೂ 4ಕ್ಕೆ 5ರ ಸರಳ ಪ್ರಮಾಣವಿದೆ. ಆದರೆ ಪಾಶ್ಚಾತ್ಯ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಸಪ್ತಕವನ್ನು 12 ಸಮಭಾಗ ಮಾಡಿರುವುದರಿಂದ ಅದರ ಗಾಂಧಾರವು ಸಹಜ ಗಾಂಧಾರಕ್ಕಿಂತ ಅರ್ಧಸ್ವರದ ಸುಮಾರು ನೂರರಲ್ಲಿ 14 ಪಾಲಿನಷ್ಟು ಏರಿರುತ್ತದೆ. ಈ 14 ಪಾಲು ಸಾಮಾನ್ಯ ಕಿವಿಗೆ ಏನೂ ಅಲ್ಲ. ಖಾನ್ ಸಾಹೇಬರ ಕಿವಿಗೆ ಅದೇ ಎಲ್ಲವೂ ಆಗಿತ್ತು.

ಇದೇ ಕಿವಿ ಅವರನ್ನು ಒಂದು ದೊಡ್ಡ ವಾದದ ನಡುವೆ ತಂದು ನಿಲ್ಲಿಸಿತು. ಸಾಂಗಲಿಯಲ್ಲಿ ನಿವೃತ್ತ ಡೆಪ್ಯುಟಿ ಕಲೆಕ್ಟರರಾದ ಕೆ. ಬಿ. ದೇವಲರು ಪ್ರಾಚೀನ ಗ್ರಂಥಗಳಲ್ಲಿ ಹೇಳಿದ 22 ಶ್ರುತಿಗಳನ್ನು ಅಳತೆ ಮಾಡಿ ಖಚಿತಪಡಿಸಬೇಕೆಂದು ಹೊರಟಿದ್ದರು. 1910ರಲ್ಲಿ ಅವರ ಪುಸ್ತಕ ಹೊರಬಂದಿತು. ಜಿಲ್ಲಾ ನ್ಯಾಯಾಧೀಶರಾಗಿದ್ದ ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಯೂ ಇದರಲ್ಲಿ ಆಸಕ್ತರಾಗಿ 1913ರಲ್ಲಿ ಒಂದು ಗ್ರಂಥ ಬರೆದರು. ಲೆಕ್ಕ ಹಾಕಲು ಇವರಿದ್ದರು. ಆದರೆ ಲೆಕ್ಕದ ಸ್ವರವನ್ನು ಕಂಠದಿಂದ ನುಡಿದು ತೋರಿಸಬಲ್ಲವರು ಬೇಕಲ್ಲ! ಆ ಕೆಲಸಕ್ಕೆ ಒದಗಿದವರು ಅಬ್ದುಲ್ ಕರೀಂಖಾನರು. ಘರಾಣೆಯ ವಿದ್ಯೆಯನ್ನು ಮುಚ್ಚಿಡುವುದೇ ಉಸ್ತಾದರ ವಾಡಿಕೆಯಾಗಿದ್ದ ಕಾಲದಲ್ಲಿ, ತಮ್ಮ ಕಂಠವನ್ನೇ ಅವರು ಪರೀಕ್ಷೆಗೆ ಒಡ್ಡಿದರು.

ಈ ಶ್ರುತಿಗಳನ್ನೆಲ್ಲ ನುಡಿಯಬಲ್ಲ ವಿಶೇಷ ಹಾರ್ಮೋನಿಯಂ ಒಂದನ್ನು ಇಂಗ್ಲೆಂಡಿನಲ್ಲಿ ಮಾಡಿಸಲಾಯಿತು. 1916ರಲ್ಲಿ ಬಡೋದೆಯಲ್ಲಿ ನಡೆದ ಅಖಿಲ ಭಾರತ ಸಂಗೀತ ಪರಿಷತ್ತಿನಲ್ಲಿ ಅದರ ಪ್ರದರ್ಶನವೂ ಆಯಿತು. ಪಂಡಿತ ಭಾತಖಂಡೆಯವರೇ ಮೊದಲಾದವರು ಒಪ್ಪಲಿಲ್ಲ. ವಿದ್ವಾಂಸರಲ್ಲಿ ಒಮ್ಮತ ಮೂಡದೆ ಆ ಪೆಟ್ಟಿಗೆ ಬಳಕೆಗೆ ಬಾರದೆ ಹೋಯಿತು. ಒಂದು ರಾಗದಿಂದ ಇನ್ನೊಂದು ರಾಗಕ್ಕೆ ಹೋಗುವಾಗ, ಏರುವಾಗ ಇಳಿಯುವಾಗ, ಸ್ವರದ ನೆಲೆ ಕೂದಲೆಳೆಯಷ್ಟು ಸರಿಯುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಮೊಳೆ ಹೊಡೆದು ನಿಲ್ಲಿಸುವುದು ಹೇಗೆ? ವಿರೋಧಿಗಳ ಮಾತಿನಲ್ಲಿ ಸತ್ಯವಿರಲಿಲ್ಲವೆಂದು ಹೇಳಲಾಗದು. ಆದರೆ ಸೋತದ್ದು ಪೆಟ್ಟಿಗೆಯೇ ಹೊರತು ಖಾನ್ ಸಾಹೇಬರ ಕಂಠವಲ್ಲ. ಮುಂದೆ 1940ರಲ್ಲಿ ಆಕಾಶವಾಣಿಯು ಸಾಮಾನ್ಯ ಹಾರ್ಮೋನಿಯಮ್ಮನ್ನು ಹೊರಗಿಟ್ಟು, 1971ರವರೆಗೆ ಆ ನಿಷೇಧವನ್ನು ನಡೆಸಿಕೊಂಡು ಬಂದುದನ್ನು ನೋಡಿದರೆ, ಈ ಕೂದಲೆಳೆಯ ಪ್ರಶ್ನೆ ಎಷ್ಟು ಜನರ ನಿದ್ದೆ ಕೆಡಿಸಿತ್ತೆಂದು ತಿಳಿಯುತ್ತದೆ.

ಇದೇ ಅವಧಿಯಲ್ಲಿ, 1913ರಲ್ಲಿ, ಅವರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು. ಬಡ ವಿದ್ಯಾರ್ಥಿಗಳಿಗೆ ಅಲ್ಲಿಯೇ ಅನ್ನ, ಅಲ್ಲಿಯೇ ವಾಸ, ಅಲ್ಲಿಯೇ ವಿದ್ಯೆ. ಖರ್ಚಿಗೆ ಆಧಾರ ಖಾನ್ ಸಾಹೇಬರ ಜಲಸೆಗಳ ಗಳಿಕೆ. ಮುಸಲ್ಮಾನ ಉಸ್ತಾದರ ಮನೆಯಲ್ಲಿ ಹಿಂದೂ ಹುಡುಗರು ಮಕ್ಕಳಂತೆ ಬೆಳೆದರು. ಬಾಳಕೃಷ್ಣಬುವಾ ಕಪಿಲೇಶ್ವರಿ, ಬೆಹರೆಬುವಾ ಮೊದಲಾದವರು ಅವರ ಶಿಷ್ಯವರ್ಗದವರು. ಕಪಿಲೇಶ್ವರಿಯವರು ಗುರುವಿನ ಚರಿತ್ರೆಯನ್ನು ಮರಾಠಿಯಲ್ಲಿ ವಿಸ್ತಾರವಾಗಿ ಬರೆದು ಋಣ ತೀರಿಸಿದ್ದಾರೆ. ಖಾನ್ ಸಾಹೇಬರು ಟಿಪ್ಪು ಮಿಯಾ ಎಂಬ ನಾಯಿಗೂ ಸ್ವರಕ್ಕೆ ಸ್ವರ ಕೊಡುವುದನ್ನು ಕಲಿಸಿದ್ದರೆಂದು ಹೇಳುತ್ತಾರೆ. ಕೇಳಿದವರಿಗೆ ನಗೆ ಬರಬಹುದು. ಮೂಕಪ್ರಾಣಿಗೂ ಶ್ರುತಿಯ ದೀಕ್ಷೆ ಕೊಡಹೊರಟ ಗುರು, ಕಲಿಯಬಂದ ಮನುಷ್ಯನನ್ನು ಅರಿವಿಲ್ಲದವನೆಂದು ತಿರುಗಿ ಕಳಿಸುವನೇ?

ನಮ್ಮ ಕನ್ನಡ ನಾಡಿಗೂ ಅವರಿಗೂ ಬಂದ ನಂಟನ್ನು ಇಲ್ಲಿ ಎತ್ತಿ ಹೇಳಲೇಬೇಕು. ಮಿರಜಿನಿಂದ ಹುಬ್ಬಳ್ಳಿ ಧಾರವಾಡಗಳಿಗೆ ರೈಲಿನ ದಾರಿ ನೇರ. ಈ ದಾರಿಯಲ್ಲಿ ಅವರು ಎಷ್ಟೋ ಸಲ ಸಂಚರಿಸಿದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅವರ ಗಾಯನ ನಡೆಯುತ್ತಿತ್ತು. ಹುಬ್ಬಳ್ಳಿ ಬಳಿಯ ಅಮರಗೋಳದಲ್ಲಿ 1886ರಲ್ಲಿ ಹುಟ್ಟಿದ ರಾಮಚಂದ್ರ ಎಂಬ ಹುಡುಗ ಅವರ ಗಾಯನಕ್ಕೆ ಮನಸೋತು ಶಿಷ್ಯನಾದ. ಈ ರಾಮಭಾವೂ ಕುಂದಗೋಳಕರರೇ ಮುಂದೆ ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವರೆಂದು ಕೀರ್ತಿವಂತರಾದರು. ಶಿಷ್ಯ ನಾಟಕಕ್ಕೆ ಹೋದದ್ದು ಗುರುವಿಗೆ ಮೊದಲು ಹಿಡಿಸಲಿಲ್ಲವಂತೆ. ಆದರೆ ಆ ಶಿಷ್ಯನ ಮೂಲಕವೇ ವಿದ್ಯೆ ಕನ್ನಡ ನೆಲದಲ್ಲಿ ಬೇರೂರಿತು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರೆಲ್ಲ ಸವಾಯಿ ಗಂಧರ್ವರ ಶಿಷ್ಯರು. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಧಾರವಾಡದಲ್ಲಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಖಾನ್ ಸಾಹೇಬರು ಅವರ ಮನೆಗೆ ಹೋಗಿ ಕುಳಿತು ಆ ಗಾಯನವನ್ನು ಕೇಳುತ್ತಿದ್ದರು. ಬಾಲಕ ಭೀಮಸೇನನಾದರೋ ಅಂಗಡಿಯ ಗ್ರಾಮಾಫೋನಿನಲ್ಲಿ ಅವರ ಝಿಂಝೋಟಿ ರಾಗದ ಠುಮ್ರಿಯನ್ನು ಕೇಳಿ ಹುಚ್ಚುಹಿಡಿದವನಂತಾಗಿ, ಗುರುವನ್ನು ಅರಸುತ್ತ 1933ರಲ್ಲಿ ಮನೆ ಬಿಟ್ಟು ಹೋದನು. ಆ ಹುಡುಗನಿಗೆ 2008ರಲ್ಲಿ ಭಾರತರತ್ನ ದೊರೆತದ್ದನ್ನು ನಾವೆಲ್ಲ ಬಲ್ಲೆವು.

ಮೈಸೂರಿನ ಅರಮನೆಯೂ ಅವರನ್ನು ಹಲವು ಸಲ ಬರಮಾಡಿಕೊಂಡು ಸಂಗೀತರತ್ನರೆಂಬ ಬಿರುದಿನಿಂದ ಗೌರವಿಸಿತು. ದಕ್ಷಿಣದ ವಿದ್ವಾಂಸರನ್ನು ಅವರು ಅತಿಥಿಯಂತೆ ಕೇಳಿ ಮರೆಯಲಿಲ್ಲ, ವಿದ್ಯಾರ್ಥಿಯಂತೆ ಕೇಳಿ ಕಲಿತರು. ಅವರ ಗಾಯನದಲ್ಲಿಯ ಸರಗಮದ ನಡೆಗೆ ಕರ್ನಾಟಕ ಸಂಗೀತದ ಕಲ್ಪನಾಸ್ವರದ ಸಂಪರ್ಕವೇ ಕಾರಣವೆಂದು ಬಲ್ಲವರು ಹೇಳುತ್ತಾರೆ. ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿಯೊಂದನ್ನು ಅವರು ತಮ್ಮದೇ ರೀತಿಯಲ್ಲಿ ಹಾಡಿ ಧ್ವನಿಮುದ್ರಿಸಿದ್ದಾರೆ.

ಅವರ ಗಾಯನದ ಗುಣವೇನು? ಕಂಠ ದೊಡ್ಡದಲ್ಲ, ಸಪೂರವಾದ, ಕೊಂಚ ಮೂಗಿನ ಲೇಪವುಳ್ಳ, ಮೊನಚಾದ ಧ್ವನಿ. ಲಯದ ಕಸರತ್ತಿನಲ್ಲಿ ಅವರಿಗೆ ಆಸಕ್ತಿ ಕಡಿಮೆ. ವಿಲಂಬಿತ ಗತಿಯಲ್ಲಿ ಒಂದೊಂದೇ ಸ್ವರವನ್ನು ತಟ್ಟಿ, ಎಬ್ಬಿಸಿ, ಅದರ ನೆಲೆಯಲ್ಲಿ ನಿಂತು, ಮುಂದಿನ ಸ್ವರದ ಬಾಗಿಲಿಗೆ ಹೋಗುವುದು ಅವರ ಕ್ರಮ. ಪರೀಕ್ಷೆಗೆ ಕುಳಿತವನಂತೆ ರಾಗವನ್ನು ವಿವರಿಸುವುದಿಲ್ಲ. ದೇವರ ಮುಂದೆ ನಿಂತವನಂತೆ ಅದರಲ್ಲಿ ಮೊರೆಯಿಡುತ್ತಾರೆ. 78 ಸುತ್ತಿನ ತಟ್ಟೆಯ ಮೂರು ನಾಲ್ಕು ನಿಮಿಷಗಳಲ್ಲಿಯೂ ಈ ಗುಣ ಎದ್ದು ಕಾಣುತ್ತದೆ. ಇಂದು ಆ ಮುದ್ರಣಗಳು ಯಾರಿಗಾದರೂ ಸುಲಭವಾಗಿ ಕೇಳಲು ಸಿಗುತ್ತವೆ. ವಾಚಕರು ಇರುಳಿನ ನಿಶ್ಶಬ್ದದಲ್ಲಿ ಒಮ್ಮೆ ಕೇಳಿ ನೋಡಬೇಕು.

ಹೊರಗೆ ಇಷ್ಟು ಕೀರ್ತಿ ಬೆಳೆಯುತ್ತಿರುವಾಗ ಒಳಗೆ ಮನೆ ಒಡೆಯುತ್ತಿತ್ತು. ತಾರಾಬಾಯಿಯವರಿಗೂ ಅವರಿಗೂ ಮನಸ್ತಾಪ ಬೆಳೆದು 1922ರ ಸುಮಾರಿಗೆ ಅವರು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಮಕ್ಕಳು ತಂದೆಯ ಹೆಸರನ್ನೂ ಬಿಟ್ಟು ಹೊಸ ಹೆಸರಿನಿಂದ ಬೆಳೆದರು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದರು, ಚಂಪಾಕಲಿ ಹೀರಾಬಾಯಿ ಬಡೋದೇಕರರಾದರು, ಸಕೀನಾ ಸರಸ್ವತಿ ರಾಣೆಯಾದರು. ಹೆಸರು ಬದಲಿಸಬಹುದು, ಕಂಠದಲ್ಲಿ ಬಂದ ಕಿರಾಣೆಯನ್ನು ಬದಲಿಸಲಾದೀತೇ? ಈ ಮಕ್ಕಳೆಲ್ಲ ದೊಡ್ಡ ಗಾಯಕರಾದರು. ನೂರಾರು ತಂಬೂರಿಗಳನ್ನು ಕೂಡಿಸಿದ ಕೈಗೆ ತನ್ನ ಸಂಸಾರದ ಶ್ರುತಿಯನ್ನು ಕೂಡಿಸಲಾಗಲಿಲ್ಲ. ಇದರಲ್ಲಿ ಯಾರ ತಪ್ಪೆಷ್ಟು ಎಂದು ಅಳೆಯಲು ನಾವು ಯಾರು? ಮಹಾಪುರುಷರ ಬಾಳಿನಲ್ಲಿಯೂ ಹೊಸ ಬಿರಡೆ ಕೂಡದ ಸವೆದ ರಂಧ್ರಗಳಿರುತ್ತವೆಂದು ತಿಳಿದು ತಲೆಬಾಗುವುದೇ ಲೇಸು.

ಅನಂತರದ ವರ್ಷಗಳನ್ನು ಅವರು ಮಿರಜಿನಲ್ಲಿ ನೆಲೆಸಿ, ಸಂಚಾರದಲ್ಲಿಯೂ ಶಿಷ್ಯರಿಗೆ ಪಾಠ ಹೇಳುವುದರಲ್ಲಿಯೂ ಕಳೆದರು. ರೋಶನಾರಾ ಬೇಗಂ ಅವರಲ್ಲಿ ಕಲಿತದ್ದು ಈ ಕಾಲದಲ್ಲಿಯೇ. 1937ರ ಅಕ್ಟೋಬರಿನಲ್ಲಿ ಅವರು ಮದರಾಸಿಗೆ ಬಂದು, ಅಲ್ಲಿಂದ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಹಾಡಲು ರೈಲು ಹತ್ತಿದರು. ದಾರಿಯಲ್ಲಿ ಎದೆನೋವು ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಶಿಷ್ಯರೊಡನೆ ಇಳಿದರು. ನಿಲ್ದಾಣದ ಕಟ್ಟೆಯ ಮೇಲೆಯೇ ಹಾಸಿಗೆ ಬಿಚ್ಚಿ ಕುಳಿತು ನಮಾಜು ಮಾಡಿ, ತಂಬೂರಿಯನ್ನು ಶ್ರುತಿಗೂಡಿಸಲು ಹೇಳಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆಯನ್ನು ಹಾಡುತ್ತ ಹಾಡುತ್ತ ದೇಹ ಬಿಟ್ಟರೆಂದು ಜೊತೆಯಲ್ಲಿದ್ದವರಿಂದ ಬಂದ ವೃತ್ತಾಂತ. ಅಂದು ಅಕ್ಟೋಬರ 27. ಅವರಿಗೆ 65 ತುಂಬಲು ಇನ್ನೂ ಎರಡು ವಾರ ಉಳಿದಿತ್ತು. ಪ್ಲೇಗಿನಿಂದ ಬದುಕಿಸಿದ ಮಿರಜಿನ ದರ್ಗಾದ ಆವರಣದಲ್ಲಿಯೇ ಅವರ ಸಮಾಧಿಯಾಯಿತು. ಅಲ್ಲಿಯ ಉರುಸಿನಲ್ಲಿ ಅವರ ಸ್ಮರಣೆಗಾಗಿ ಗಾಯಕರು ಸೇರಿ ಹಾಡುವ ಪದ್ಧತಿ ಬೆಳೆದು ಬಂದಿದೆ.

ಬೀದರ ಜಿಲ್ಲೆಯ ನಮಗೆ ಈ ಜೀವನ ದೂರದ್ದೆನಿಸಬಾರದು. ಇಲ್ಲಿ ಸಂತೆಗೆ ಹೋದರೆ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಔರಾದ ಭಾಲ್ಕಿಗಳ ಹಳ್ಳಿಗಳಲ್ಲಿ ವಚನ ಹಾಡಿದ ಬಾಯಿಯೇ ಅಭಂಗವನ್ನೂ ಹಾಡುತ್ತದೆ. 1619ರಲ್ಲಿ ಬೀದರನ್ನು ಬಿಜಾಪುರ ರಾಜ್ಯಕ್ಕೆ ಸೇರಿಸಿಕೊಂಡ ಎರಡನೆಯ ಇಬ್ರಾಹಿಂ ಆದಿಲಶಹ ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟು ಪ್ರೀತಿಸಿದ ಅರಸು. ಉರ್ದು ಮನೆಮಾತಿನ ಗಾಯಕನೊಬ್ಬ ಮರಾಠಿ ಊರಿನಲ್ಲಿ ನೆಲೆಸಿ, ಕನ್ನಡದ ಶಿಷ್ಯನಿಗೆ ವಿದ್ಯೆ ಕೊಟ್ಟು, ತೆಲುಗು ಕೃತಿಯನ್ನು ಹಾಡಿ, ತಮಿಳು ನೆಲದಲ್ಲಿ ಕಣ್ಣುಮುಚ್ಚಿದ ಕಥೆಯನ್ನು ನಾವಲ್ಲದೆ ಇನ್ನಾರು ಸುಲಭವಾಗಿ ಅರಿತಾರು?

ಆದರೆ ಅವರ ಬಾಳಿನಿಂದ ವಿದ್ಯಾರ್ಥಿಗಳಾದ ನಾವು ಕಲಿಯಬೇಕಾದದ್ದು ಇದೊಂದೇ ಅಲ್ಲ. ಓದಿದವರು ಕೈಕೆಲಸ ಮಾಡಬಾರದು, ಕೈಕೆಲಸದವರಿಗೆ ಓದು ಬೇಕಿಲ್ಲ ಎಂಬ ಒಂದು ಕೆಟ್ಟ ಎಣಿಕೆ ನಮ್ಮಲ್ಲಿ ಬೆಳೆದಿದೆ. ಪೆನ್ನು ಹಿಡಿದ ಕೈ ತಿರುಪು ಬಿಗಿಯಲು ನಾಚುತ್ತದೆ. ಬಿದರಿ ಕೆಲಸದ ಕುಶಲಿಗಳು ಕೋಟೆಯ ಮಣ್ಣನ್ನು ನಾಲಿಗೆಯ ಮೇಲಿಟ್ಟು ಪರೀಕ್ಷಿಸುವುದನ್ನು ನಾವು ನೋಡಿದ್ದೇವೆ. ಆ ನಾಲಿಗೆಯಲ್ಲಿರುವ ವಿದ್ಯೆಗೆ ನಮ್ಮ ಪಠ್ಯಪುಸ್ತಕದಲ್ಲಿ ಪಾಠವಿಲ್ಲ. ಖಾನ್ ಸಾಹೇಬರು ಕುದುರೆಯನ್ನು ಅರದಿಂದ ತಿಕ್ಕುವಾಗ ಗಾಯಕರಲ್ಲದೆ ಬೇರೆಯವರಾಗಿರಲಿಲ್ಲ. ಅದೂ ಅವರ ಗಾಯನದ ಒಂದು ಭಾಗವೇ ಆಗಿತ್ತು. ಶ್ರುತಿಯ ಮುಂದೆ ಯಾವ ಕೆಲಸವೂ ಅವರಿಗೆ ಕೀಳಾಗಿ ಕಾಣಲಿಲ್ಲ.

ಮೂಲೆಗಿಟ್ಟ ಗಿಟಾರಿನ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ಸವೆದ ಕೀಲಿಯನ್ನು ನಾವು ಬಿಚ್ಚಿ, ಮಾದರಿಗೆಂದು ಹೈದರಾಬಾದಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಿದೆವು. ಬಂದ ಹೊಸ ಕೀಲಿಯ ತಿರುಪಿನ ತೂತುಗಳು ಹಳೆಯವಕ್ಕೆ ಕೂಡಲಿಲ್ಲ. ಹಳೆಯ ತೂತುಗಳಿಗೆ ಕಟ್ಟಿಗೆಯ ಚೂರು ಅಂಟಿಸಿ ಮುಚ್ಚಿ, ಒಣಗಿದ ಮೇಲೆ ಹೊಸ ತೂತು ಕೊರೆದು, ಗೆಳೆಯನು ತನ್ನ ಕೈಯಿಂದಲೇ ಕೂಡಿಸಿದನು. ಎರಡು ರವಿವಾರ ಹಿಡಿಯಿತು. ಈಗ ತಂತಿ ಜಾರುವುದಿಲ್ಲ. ಬರುವ ಸಮ್ಮೇಳನದಲ್ಲಿ ಅವನು ಮತ್ತೆ ನುಡಿಸುವವನಿದ್ದಾನೆ. ಅಂದು ಅವನು ಕೀಲಿ ತಿರುವುತ್ತ ಶ್ರುತಿ ಕೂಡಿಸುವಾಗ ಸಭೆಯಲ್ಲಿ ಯಾರೂ ಅವಸರ ಮಾಡಬಾರದೆಂದು, ಯಾರೂ ನಗಬಾರದೆಂದು ನನ್ನ ಪ್ರಾರ್ಥನೆ. ಸಂಗೀತವು ಆಗಲೇ ಆರಂಭವಾಗಿರುತ್ತದೆ.